ಬಾಗಿಲೆದುರಿನ ಕಂಬ

ಈ ಊರಿನ ನೆಲ ದಿನಾ ಸಂಜೆ ಒಮ್ಮೆ ನಡುಗುತ್ತದೆ; ಅದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಶಿವನಂಜಪ್ಪನವರ ನಡುಮನೆಯಲ್ಲಿ ಕೂತು, ಮನೆಗಳ ಗಟ್ಟಿತನ ಪರೀಕ್ಷಿಸುವ ಇಂಜಿನಿಯರಾದ ನಾನು ಅವರ ಮೂರಂತಸ್ತಿನ ಮನೆಯ ಮಾದರಿಯನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಮತ್ತೊಮ್ಮೆ ಅಲುಗಾಡಿಸಿದೆ. ಪರದೆಯ ಮೇಲೆ ಕೆಳಗಿನ ಅಂತಸ್ತು ಕೆಂಪಾಗಿ ಮಡಚಿಕೊಂಡಿತು. ಮನೆ ಮುಂದಕ್ಕೆ ಮಗುಚಿತು.

"ದಿನದ ನಡುಕ ತಡೆಯುತ್ತೆ ಸಾರ್. ಅಮಾವಾಸ್ಯೆಯ ದೊಡ್ಡದಕ್ಕೆ ಬಿದ್ದುಹೋಗುತ್ತೆ. ಬಾಗಿಲೆದುರಿನ ಕಂಬ ಯಾಕೆ ತೆಗೆಸಿದ್ರಿ?"

"ಮೊನ್ನೆ ವಾಸ್ತುವಿನವರು ಬಂದಿದ್ರು ಮೇಡಂ. ಬಾಗಿಲೆದುರಿಗೆ ಕಂಬ ಇರಬಾರದು ಅಂದ್ರು. ಇವತ್ತು ಬೆಳಿಗ್ಗೆ ತೆಗೆಸಿಬಿಟ್ಟೆ."

"ವಾಪಸ್ ಕಟ್ಟಿಸಿ. ಅಲ್ಲೀವರೆಗೂ ಮನೆ ಖಾಲಿ ಮಾಡಿ."

"ಒಂದು ಕೆಲಸ ಮಾಡಿ. ಕಂಪ್ಯೂಟರಲ್ಲಿ ಮಾತ್ರ ಆ ಕಂಬ ನಿಲ್ಲಿಸಿ, ಮನೆ ಗಟ್ಟಿಯಿದೆ ಅಂತ ಬರೆದುಕೊಟ್ಟುಬಿಡಿ. ಅಲ್ಲಿ ವಾಸ್ತು ಯಾರು ಕೇಳ್ತಾರೆ?"

ಈ ಬೀದಿಯಲ್ಲಿ ಹೀಗೆ ಕೇಳಿದವರಲ್ಲಿ ಇವರು ಮೊದಲಿಗರಲ್ಲ. ತಲೆ ಚಚ್ಚಿಕೊಳ್ಳೋಣವೆಂದರೆ ಹತ್ತಿರದಲ್ಲಿ ಕಂಬವೂ ಇರಲಿಲ್ಲ.

"ಆಯ್ತು. ಅಮಾವಾಸ್ಯೆ ದಿನ ನೀವೂ ಮೊಮ್ಮಕ್ಕಳೂ ಕಂಪ್ಯೂಟರಲ್ಲೇ ಮಲಗ್ತೀರಾ?"

"ಸುಮ್ನೆ ಹೆದರಿಸಬೇಡಿ. ಇಷ್ಟು ವರ್ಷ ನಿಂತಿರೋ ಮನೆ ಇದು."

"ಕಂಬ ಇತ್ತು, ನಿಂತಿತ್ತು!"

ಅಷ್ಟರಲ್ಲಿ ನೆಲ ನಡುಗತೊಡಗಿತು. ಅವರ ಹೆಂಡತಿ ಗಂಗಾಂಬಿಕೆ ಹಾಲಿನ ಪಾತ್ರೆಯನ್ನು ಒಲೆಯಿಂದ ಇಳಿಸಿ, ಮೊಮ್ಮಕ್ಕಳನ್ನು ಕರೆದುಕೊಂಡು ಅಡುಗೆಮನೆಯ ಕಂಬ ಹಿಡಿದು ನಿಂತರು. ಈ ಹೊತ್ತಿಗೆ ಊರಿನ ಎಲ್ಲ ಮನೆಗಳಲ್ಲೂ ಜನ ಹೀಗೆಯೇ ತಮ್ಮ ತಮ್ಮ ಕಂಬ ಹಿಡಿದು ನಿಲ್ಲುತ್ತಾರೆ. ಶಿವನಂಜಪ್ಪನವರೂ, "ಏನೂ ಆಗಲ್ಲ ಮೇಡಂ" ಎನ್ನುತ್ತಲೇ ಎದ್ದು, ದಿನದ ಅಭ್ಯಾಸದಂತೆ ಬಾಗಿಲೆದುರಿಗೆ ಹೋಗಿ ಎರಡೂ ಕೈ ಚಾಚಿದರು.

ಕೈಗೆ ಬರೀ ಗಾಳಿ ಸಿಕ್ಕಿತು.

ನಡುಕ ನಿಂತಿತು. ಅವರು ಮಾತ್ರ ಚಾಚಿದ ಕೈಗಳನ್ನು ಇಳಿಸಲಿಲ್ಲ.