ಮದುವೆ ನಿಲ್ಲದ ಮಂಟಪ

ಕಲ್ಯಾಣಮಂಟಪಕ್ಕೆ ಮ್ಯಾನೇಜರ್ ಆಗಿ ಸೇರುವಾಗ ಗಿರಿಧರನ ಬಳಿ ಯಜಮಾನರು ಕೇಳಿದ್ದು ಅಂಕಪಟ್ಟಿಯನ್ನಲ್ಲ, ಜಾತಕವನ್ನು. ಹಳೇಕಾಲದ ಮನುಷ್ಯ ಎಂದುಕೊಂಡು ಕೊಟ್ಟುಬಿಟ್ಟಿದ್ದ. ಹಿಂದಿನ ಮ್ಯಾನೇಜರ್ ಯಾಕೆ ಬಿಟ್ಟರು ಎಂದು ಕೇಳಿದ್ದಕ್ಕೆ, "ಮದ್ವೆ ಆಯ್ತು, ಹೋದ" ಎಂದಷ್ಟೇ ಉತ್ತರ ಬಂದಿತ್ತು.

ಇಂದು ಅವನ ಉಸ್ತುವಾರಿಯಲ್ಲಿ ಮೊದಲ ಮದುವೆ. ಮುಹೂರ್ತಕ್ಕೆ ಮುಂಚೆ ಯಜಮಾನರು ಆಫೀಸಿನಲ್ಲಿ ಕೂರಿಸಿಕೊಂಡು ಪರೀಕ್ಷೆಗಿಳಿದರು.

"ನಮ್ಮ ಮಂಟಪದಲ್ಲಿ ಇವತ್ತಿನವರೆಗೂ ಒಂದು ಮದ್ವೆನೂ ನಿಂತಿಲ್ಲ. ಕರೆಂಟ್ ಹೋದ್ರೆ?"

"ಜನರೇಟರ್ ಇದೆ ಸಾರ್."

"ಅದೂ ಕೆಟ್ರೆ?"

"ಪಕ್ಕದಲ್ಲೇ ಇನ್ನೊಂದಿದೆ."

"ಪುರೋಹಿತರು ಕೈಕೊಟ್ರೆ?"

"ಇನ್ನೊಬ್ರು ಊಟದ ಹಾಲ್‌ನಲ್ಲಿ ಕಾಫಿ ಕುಡೀತಿದಾರೆ ಸಾರ್." ಗಿರಿಧರನಿಗೆ ಹುಮ್ಮಸ್ಸು ಬಂತು. "ಹುಳಿಗೆ ಉಪ್ಪು ಜಾಸ್ತಿಯಾದ್ರೂ ಬೇರೆ ಪಾತ್ರೆ ರೆಡಿ. ಗಂಡೇ ಓಡಿಹೋದ್ರೆ ಮಾತ್ರ ನಮ್ ಕೈಲಿ ಏನೂ ಆಗಲ್ಲ!" ಎಂದು ನಕ್ಕ.

ಯಜಮಾನರು ನಗಲಿಲ್ಲ.

ಅಷ್ಟರಲ್ಲಿ ಹೊರಗೆ ಓಲಗ ನಿಂತಿತು. ಹೆಣ್ಣಿನ ತಂದೆ ಬೆವರು ಸುರಿಸುತ್ತಾ ಓಡಿಬಂದರು. "ಗಂಡು ರೂಮಲ್ಲಿಲ್ಲ ಸ್ವಾಮಿ! ಹಿತ್ತಲ ಬಾಗಿಲು ತೆಗ್ದಿದೆ!"

"ಗಾಬರಿಯಾಗ್ಬೇಡಿ. ಬುಕಿಂಗ್ ದಿನ ನಿಮ್ಮ ಹುಡುಗಿ ಜಾತಕ ಇಸ್ಕೊಂಡಿದ್ದು ಇದಕ್ಕೇನೆ." ಯಜಮಾನರು ನಿಧಾನವಾಗಿ ಬೀರು ತೆಗೆದರು. "ಅಡುಗೆಯವನದ್ದು ನೋಡಿಸ್ದೆ, ಕೂಡ್ಲಿಲ್ಲ. ಇವನದ್ದು ಚೆನ್ನಾಗಿ ಕೂಡಿದೆ. ನಿಮ್ಮ ಹುಡುಗಿಗೂ ಹೋದ ವಾರವೇ ಫೋಟೋ ತೋರಿಸಿದ್ದೆ, ಪರ್ವಾಗಿಲ್ಲ ಅಂದ್ಲು."

ಆಮೇಲೆ ಗಿರಿಧರನ ಕಡೆ ತಿರುಗಿದರು.

"ತಲೆ ಸ್ವಲ್ಪ ಬಗ್ಗಿಸಪ್ಪ, ಬಾಸಿಂಗ ಕಟ್ಬೇಕು."