ಇಪ್ಪತ್ನಾಲ್ಕು ಗಂಟೆ ಕರೆಂಟು

ಬೋಟಿನ ಫ್ಯಾನು ಮತ್ತೆ ನಿಂತಿತು. ಅದರ ಹಿಂದೆಯೇ ಫ್ರಿಜ್ಜು ಒಮ್ಮೆ ಗುರುಗುಟ್ಟಿ ಸುಮ್ಮನಾಯಿತು. ಇನ್ನೂ ತಿಂಡಿಯ ಹೊತ್ತು. ಹೊಸನಗರದ ಕಡೆಯ ಹಿನ್ನೀರ ದಡದಲ್ಲಿ ಕಟ್ಟಿದ್ದ ಬೋಟಿನಲ್ಲಿ ಪ್ರವಾಸಿಗರು ಯಾರೂ ಇರಲಿಲ್ಲ, ಅದೊಂದು ಪುಣ್ಯ. ಹೋದ ವಾರ ಬಂದವರು ಕತ್ತಲಲ್ಲಿ ಸೊಳ್ಳೆ ಹೊಡೆಯುತ್ತ ಕೂತು, ಮೊಬೈಲಿನಲ್ಲಿ ಒಂದೇ ಒಂದು ಸ್ಟಾರ್ ಒತ್ತಿ ಹೋಗಿದ್ದರು. ಅಂಥದ್ದು ಇನ್ನೊಂದು ಬಿದ್ದರೆ ನಿಮ್ಮ ಬೋಟಿನ ಹೆಸರನ್ನೇ ತೆಗೆಯುತ್ತೇವೆ ಎಂದು ಬುಕಿಂಗ್ ಕಂಪನಿಯವರು ಹೇಳಿದ್ದರು. ನಾಳೆ ಮಧ್ಯಾಹ್ನ ದಾವಣಗೆರೆಯ ಒಂದು ಕುಟುಂಬ ಬರುವುದಿತ್ತು.

ಎಂಜಿನ್ನಿನ ಬ್ಯಾಟರಿ ಬೇರೆ, ಅದು ಗಟ್ಟಿಯಾಗಿಯೇ ಇತ್ತು. ಪದೇ ಪದೇ ಸಾಯುತ್ತಿದ್ದದ್ದು ಬೋಟಿನ ಮನೆವಾರ್ತೆ ನೋಡುವ ಜೋಡಿ ಬ್ಯಾಟರಿ. ದೀಪ, ಫ್ಯಾನು, ಫ್ರಿಜ್ಜು ಎಲ್ಲ ನಡೆಯುವುದು ಅದರಿಂದಲೇ. ಬೋಟಿನ ಮಾಲೀಕ ಪೂರ್ಣೇಶ ಅದಕ್ಕೆ ಡಿಸ್ಟಿಲ್ಡ್ ನೀರು ಹಾಕಿದ್ದ, ಟರ್ಮಿನಲ್ ಕೆರೆದಿದ್ದ, ಚಾವಣಿಯ ಸೋಲಾರ್ ಪ್ಯಾನೆಲ್ಲಿಗೆ ಸೋಪು ಹಾಕಿ ಸ್ನಾನವನ್ನೂ ಮಾಡಿಸಿದ್ದ.

"ಬ್ಯಾಟ್ರಿ ಕತೆ ಮುಗೀತು. ಸಾಗರಕ್ಕೆ ಹೋಗಿ ಹೊಸದು ವಿಚಾರಿಸ್ಕೊಂಡು ಬರ್ತೀನಿ," ಎಂದು ಬೈಕು ಹತ್ತಿ ಹೋದ.

ಅವನ ಹೆಂಡತಿ ಭವ್ಯಶ್ರೀಗೆ ಇದು ಒಪ್ಪಿಗೆಯಾಗಲಿಲ್ಲ. ದೀಪಾವಳಿಗೆ ತಂದ ಬ್ಯಾಟರಿ ಇಷ್ಟು ಬೇಗ ಮುದಿಯಾಗುವುದೆಂದರೇನು? ಅವಳು ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದವಳು. ಬಿಸಿಲು ಏರಿ ಬ್ಯಾಟರಿಗೆ ಚೂರು ಜೀವ ಬರುವವರೆಗೆ ಕಾದಳು. ಇನ್ವರ್ಟರ್ ಹಾಕಿ, ಉಳಿದ ಸ್ವಿಚ್ಚುಗಳನ್ನೆಲ್ಲ ಆರಿಸಿ, ದಪ್ಪ ವೈರಿಗೆ ಮೀಟರ್ ಹಿಡಿದಳು. ಮುಳ್ಳು ಸೊನ್ನೆಯ ಹತ್ತಿರಕ್ಕೂ ಇಳಿಯಲಿಲ್ಲ. ಯಾರೋ ಕರೆಂಟು ಕದ್ದು ಕುಡಿಯುತ್ತಿದ್ದಾರೆ.

ಒಲೆಯ ಪಕ್ಕ ಕೂತು ಮೀನು ಕೆರೆಯುತ್ತಿದ್ದ ಅತ್ತೆ ಜಲಜಮ್ಮ ತಲೆ ಎತ್ತಿದರು. ಬೋಟಿನ ಅಡುಗೆಯೆಲ್ಲ ಅವರದೇ.

"ಮೊದ್ಲು ತಿಂಡಿ ತಿನ್ನು ಮಾರಾಯ್ತಿ. ವೈರು ಎಲ್ಲಿಗೂ ಓಡಿ ಹೋಗಲ್ಲ."

"ಇದು ಓಡಿ ಹೋಗಿದೆ ಅತ್ತೆ," ಎಂದಳು ಭವ್ಯಶ್ರೀ. ಅಡುಗೆಕಟ್ಟೆಯ ಹಿಂದಿನಿಂದ ಸಪೂರದ ಹಳದಿ ವೈರೊಂದು ಹೊರಟು ಹಲಗೆಯ ಸಂದಿಗೆ ನುಗ್ಗಿತ್ತು. ತಾನು ಎಳೆದ ವೈರುಗಳಲ್ಲಿ ಹಳದಿಯದು ಒಂದೂ ಇರಲಿಲ್ಲ.

"ಅಲ್ಲಿ ಜಿರಳೆ ಇದಾವೆ, ಕೈ ಹಾಕ್ಬೇಡ," ಎಂದರು ಜಲಜಮ್ಮ. ಅವಳು ಕೇಳದೆ ಮುಂದೆ ತೆವಳಿದಾಗ, "ಹಾವೂ ಇರಬಹುದು," ಎಂದರು.

ಬೋಟಿನ ಮೂತಿಯ ಹತ್ತಿರ, ಹಗ್ಗದ ಸುರುಳಿಯಡಿಯ ಹಲಗೆ ಎತ್ತಿದರೆ ಥರ್ಮಾಕೋಲಿನ ಮೀನಿನ ಪೆಟ್ಟಿಗೆ. ಮುಚ್ಚಳ ತೆಗೆದಳು. ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ಒಳಗೆ ಹಳೇ ಕಾಲದ ಬಲ್ಬೊಂದು ಉರಿಯುತ್ತಿತ್ತು, ಪಕ್ಕದಲ್ಲಿ ಒಂದು ಬಟ್ಟಲು ನೀರು, ಅತ್ತೆಯ ಹಳೇ ಸೀರೆಯ ತುಂಡಿನ ಮೇಲೆ ಮೊಟ್ಟೆಗಳು.

"ಅತ್ತೆ, ಇದೆಂತ?"

"ಮೊಟ್ಟೆ."

"ಅದು ಕಾಣ್ತಾ ಇದೆ."

ಜಲಜಮ್ಮ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದರು. "ಕಾವಿಗೆ ಕೂತಿದ್ದ ಹ್ಯಾಟೆ ಕೋಳೀನ ಕಬ್ಬೆಕ್ಕು ಹೊತ್ಕೊಂಡು ಹೋಯ್ತು. ಮೊಟ್ಟೆ ಇನ್ನೂ ಬೆಚ್ಚಗಿತ್ತು, ಎಂತ ಮಾಡ್ಲಿ? ಮನೇಲಿ ದಿನಾ ಕರೆಂಟ್ ತೆಗೀತಾರೆ. ಬೋಟಲ್ಲಿ ಇಪ್ಪತ್ನಾಲ್ಕು ಗಂಟೆ ಕರೆಂಟು ಅಂತ ನಿನ್ ಗಂಡನೇ ಬೋರ್ಡ್ ಬರೆಸಿದಾನೆ."

"ಅದು ಬರೋ ಗೆಸ್ಟುಗಳಿಗೆ ಅತ್ತೆ."

"ಹಾಗಂತ ಬೋರ್ಡಲ್ಲಿ ಎಲ್ಲೂ ಇಲ್ಲ. ಇಲ್ಲೂ ಕರೆಂಟ್ ಹೋದಾಗ ನಾನೇ ಬಿಸಿನೀರು ಬಾಟ್ಲಿ ಇಟ್ಟು ಸುಧಾರಿಸಿದೀನಿ. ಅವನಿಗೆ ಮಾತ್ರ ಹೇಳ್ಬೇಡ."

ಹೇಳುವಂತೆಯೂ ಇರಲಿಲ್ಲ. ಹಿಂದೊಮ್ಮೆ ಹುಂಜವೊಂದು ಬೋಟು ಹತ್ತಿ ಗೆಸ್ಟಿನ ಹಾಸಿಗೆ ಮೇಲೆ ನಿಂತು ಕೂಗಿದ ಮೇಲೆ, ಇನ್ನು ಇಲ್ಲಿ ಕೋಳಿ ಪುಕ್ಕವೂ ಕಾಣಬಾರದೆಂದು ಪೂರ್ಣೇಶ ಕಟ್ಟಪ್ಪಣೆ ಮಾಡಿದ್ದ. ಭವ್ಯಶ್ರೀ ಪ್ಲಗ್ಗು ಕೀಳಲು ಕೈ ಚಾಚಿದಳು. ಆಗ ಜಲಜಮ್ಮ ಒಂದು ಮೊಟ್ಟೆ ಎತ್ತಿ ಅವಳ ಕಿವಿಗೆ ಹಿಡಿದರು. ಒಳಗಿನಿಂದ ಟಕ್, ಟಕ್. ಮತ್ತೆ ಸ್ವಲ್ಪ ಬಿಟ್ಟು, ಟಕ್.

ಚಾಚಿದ ಕೈ ಹಿಂದೆ ಬಂತು. "ಇನ್ನೆಷ್ಟು ದಿನ?"

"ನಾಳೆಯೋ ನಾಡಿದ್ದೋ."

ಬಲ್ಬು, ಫ್ಯಾನು, ಫ್ರಿಜ್ಜು ಮೂರನ್ನೂ ಬ್ಯಾಟರಿ ಹೊರಲಾರದು. ಅವಳು ಕೂತು ಯೋಚಿಸಿ, ಎದ್ದು ಹೋಗಿ ಫ್ರಿಜ್ಜಿನ ಪ್ಲಗ್ಗು ಕಿತ್ತಳು. ಮೀನಿಗೆ ಐಸು ಕಳಿಸಲು ಹೊಸನಗರಕ್ಕೆ ಫೋನು ಮಾಡಿದಳು. ಮನೆಯ ಅಟ್ಟದಲ್ಲಿದ್ದ ಲಾಟೀನುಗಳನ್ನು ಇಳಿಸಿ ಗಾಜು ಒರೆಸಿದಳು.

ಪೂರ್ಣೇಶ ಸಾಗರದಿಂದ ಮುಖ ಸಣ್ಣದು ಮಾಡಿಕೊಂಡು ಬಂದ. ಹೊಸ ಬ್ಯಾಟರಿ ಬರಲು ವಾರ ಬೇಕಂತೆ.

"ಬೇಡವೇ ಬೇಡ. ಲೋಡ್ ಜಾಸ್ತಿ ಆಗಿತ್ತು, ಫ್ರಿಜ್ಜು ತೆಗ್ದಿದೀನಿ," ಎಂದಳು ಭವ್ಯಶ್ರೀ. "ಮುಂದಿನ ಹಲಗೆ ಮಾತ್ರ ಎತ್ಬೇಡಿ. ಅಲ್ಲೊಂದು ಜಾಗ ಬಿಸಿಯಾಗ್ತಿದೆ."

"ಡೇಂಜರ್ರಾ?"

"ಒಂದೆರಡು ದಿನದಲ್ಲಿ ತಾನೇ ಸರಿ ಹೋಗುತ್ತೆ."

ಜಲಜಮ್ಮನಿಗೆ ಕೆಮ್ಮು ಬಂತು. ಒಲೆ ಕಡೆ ತಿರುಗಿಕೊಂಡರು.

ದಾವಣಗೆರೆಯವರಿಗೆ ಲಾಟೀನು ಬೆಳಕಿನ ಮೀನೂಟ ಎಷ್ಟು ಹಿಡಿಸಿತೆಂದರೆ, ಮನೆಯ ಯಜಮಾನತಿ ಕೈ ತೊಳೆದವಳೇ ಐದು ಸ್ಟಾರ್ ಒತ್ತಿಬಿಟ್ಟಳು. ಫ್ಯಾನು ಬೆಳಗಿನವರೆಗೂ ತಿರುಗಿತು. ಪೂರ್ಣೇಶ ಹೆಂಡತಿಯ ಓದನ್ನು ಅವರೆದುರು ಎರಡೆರಡು ಸಲ ಹೊಗಳಿದ.

ಮರುದಿನ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಎಲ್ಲಿಂದಲೋ ಸಣ್ಣ ಸದ್ದು ಕೇಳಿಸಿತು. ಪೂರ್ಣೇಶನ ಮುಖ ಕಪ್ಪಿಟ್ಟಿತು. ಓಡಿ ಹೋಗಿ ಇನ್ವರ್ಟರಿಗೆ ಕಿವಿ ಆನಿಸಿದ, ಬ್ಯಾಟರಿಗೆ ಆನಿಸಿದ, ಕೊನೆಗೆ ಸಾಗರದ ಮೆಕ್ಯಾನಿಕ್ ಶಿವಮೂರ್ತಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ.

"ಶಿವಮೂರ್ತಿ, ಲೈನಲ್ಲಿ ಎಂತದೋ ಸೌಂಡ್ ಬರ್ತಿದೆ. ಬೀಪ್ ಅಲ್ಲ ಮಾರಾಯ, ಬೇರೆ ಥರ. ಮೊದ್ಲು ಒಂದೇ ಇತ್ತು, ಈಗ ನಾಲ್ಕೈದು ಆಗಿದೆ."

"ಫೋನು ಸ್ವಲ್ಪ ಆ ಕಡೆ ಹಿಡೀರಿ ಅಣ್ಣ."

ಪೂರ್ಣೇಶ ಹಿಡಿದ. ಭವ್ಯಶ್ರೀ ಹಿನ್ನೀರನ್ನು ನೋಡುತ್ತ ನಿಂತಳು. ಆ ಕಡೆ ಶಿವಮೂರ್ತಿ ಬಹಳ ಹೊತ್ತು ಕೇಳಿಸಿಕೊಂಡ.

"ಅಣ್ಣ, ಇದು ವಾರಂಟೀಲಿ ಬರಲ್ಲ," ಎಂದ. "ಒಂದು ಹಿಡಿ ನುಚ್ಚಕ್ಕಿ ಹಾಕಿ."