ಮರವಾಗಿ ನಿಂತವಳು

"ಕೈ ಇನ್ನೂ ಸ್ವಲ್ಪ ಅಗಲ ಮಾಡಿ ಅಕ್ಕ," ಎಂದಳು ಹೆಂಡತಿ, ಕಿಟಕಿಯ ಒಳಗಿನಿಂದ.

ಹೊರಗೆ, ಮನೆಯ ತಳಪಾಯದಿಂದ ಮೂರು ಅಡಿ ದೂರದಲ್ಲಿ, ನರ್ಸರಿಯಾಕೆ ಎರಡೂ ಕೈ ಚಾಚಿ ಮರವಾಗಿ ನಿಂತಿದ್ದಳು. ಅವಳು ಗಿಡ ಮಾರುವ ರೀತಿಯೇ ಹಾಗೆ. ಗೋಡೆಯ ಪಕ್ಕಕ್ಕೆ ಗಿಡ ಬೇಕೆಂದವರ ಮನೆಗೆ ತಾನೇ ಹೋಗಿ, ಐದು ವರ್ಷದ ನಂತರ ಆ ಗಿಡ ಎಷ್ಟಾಗುತ್ತದೋ ಅಷ್ಟು ಅಗಲಕ್ಕೆ ಕೈ ಚಾಚಿ ನಿಲ್ಲುತ್ತಿದ್ದಳು. ಮನೆಯವರು ಒಳಗಿನಿಂದ ನೋಡಿ ಹೂಂ ಅಂದರೆ ಹಿಮ್ಮಡಿ ಊರಿ ಗುರುತು ಹಾಕುವಳು. ಗುಂಡಿ ಅಲ್ಲೇ.

"ಇದು ನಂದಿಬಟ್ಟಲು," ಎಂದಳು ಕೈ ಚಾಚಿಕೊಂಡೇ. "ಎಲೆ ಒತ್ತಾಗಿ ಬರುತ್ತೆ. ಬೇರು ತಳಪಾಯದ ತಂಟೆಗೆ ಹೋಗಲ್ಲ. ರಸ್ತೇಲಿ ಹೋಗೋರಿಗೆ ಒಳಗೆ ಮಲಗಿರೋರು ಕಾಣಲ್ಲ."

"ನನಗೆ ಅದೇ ಬೇಕು."

"ಬೇಡ," ಎಂದ ಕಿಟಕಿಗೆ ಒತ್ತಿದ ಮಂಚದ ಮೇಲಿದ್ದ ಗಂಡ.

ಅವನು ಲೈನ್‌ಮನ್. ಎಂಟು ತಿಂಗಳ ಹಿಂದೆ ತಂತಿಗೆ ತಾಗುತ್ತಿದ್ದ ಕೊಂಬೆ ಕಡಿಯಲು ಮರ ಹತ್ತಿ ಬಿದ್ದವನು ಇನ್ನೂ ಎದ್ದು ನಿಂತಿರಲಿಲ್ಲ. ಗಾಳಿ ಬೆಳಕು ಬರಲೆಂದು ಮಂಚವನ್ನು ಕಿಟಕಿಗೆ ತಂದಿದ್ದೇ ತಪ್ಪಾಯಿತು ಎಂದು ಹೆಂಡತಿಗೆ ಅನಿಸುತ್ತಿತ್ತು. ರಸ್ತೆಯಲ್ಲಿ ಹೋಗುವವರು ಅಲ್ಲಿ ಬಂದಾಗ ನಡಿಗೆ ನಿಧಾನ ಮಾಡುತ್ತಿದ್ದರು. ಕೆಲವರು ಕೈ ಬೀಸುವರು, ಕೆಲವರು ಲೊಚಗುಟ್ಟುವರು. ಆ ಲೊಚಗುಟ್ಟುವ ಸದ್ದು ಅವಳಿಗೆ ಹೊಲಿಗೆ ಕಾರ್ಖಾನೆಯಲ್ಲಿ ನೂರು ಮಿಷನ್ನುಗಳ ನಡುವೆಯೂ ಕೇಳಿಸುತ್ತಿತ್ತು. ಇವತ್ತು ಗಿಡ ನೆಡಿಸಲೆಂದೇ ರಜೆ ಹಾಕಿದ್ದಳು.

ಅವಳು ಕಿಟಕಿಯ ಸರಳಿಗೆ ಮುಖ ತಂದು ದನಿ ತಗ್ಗಿಸಿದಳು. "ಬಿದ್ದಾಗಿಂದ ಮರ ಅಂದ್ರೆ ಇವರಿಗೆ ಆಗಲ್ಲ ಅಕ್ಕ."

"ಪೆಟ್ಟು ಬಿದ್ದಿರೋದು ಸೊಂಟಕ್ಕೆ, ಕಿವಿಗಲ್ಲ," ಎಂದ ಗಂಡ.

ನರ್ಸರಿಯಾಕೆ ನಕ್ಕು, ಮೊಣಕೈ ಮಡಚಿ ಕೈಗಳನ್ನು ಕಿರಿದು ಮಾಡಿಕೊಂಡಳು. "ಹಾಗಾದ್ರೆ ದಾಳಿಂಬೆ?"

"ಬೇಡ."

ಅವಳು ಮಂಡಿ ಬಗ್ಗಿಸಿದಳು. "ದಾಸವಾಳ? ಕತ್ತರಿಸಿ ಕತ್ತರಿಸಿ ಇಷ್ಟೆತ್ತರಕ್ಕೇ ಇಟ್ಕೋಬಹುದು."

"ಅದೂ ಬೇಡ."

ಅವಳು ಕುಕ್ಕರಗಾಲಲ್ಲಿ ಕೂತೇಬಿಟ್ಟಳು. "ಇನ್ನು ಇದಕ್ಕಿಂತ ಕುಳ್ಳಗಿರೋದು ಅಂದ್ರೆ ಹುಲ್ಲೇ ತಮ್ಮಾ."

ಅವನು ನಗಲಿಲ್ಲ. ಬೇಡ ಎನ್ನುವಾಗಲೆಲ್ಲ ಅವನು ತನ್ನನ್ನು ನೋಡುತ್ತಿಲ್ಲ, ಕತ್ತು ಉದ್ದ ಮಾಡಿ ತನ್ನ ಹೆಗಲಾಚೆ ಏನನ್ನೋ ನೋಡುತ್ತಿದ್ದಾನೆ ಎಂಬುದು ನರ್ಸರಿಯಾಕೆಯ ಗಮನಕ್ಕೆ ಬಂದಿತ್ತು. ತಿರುಗಿ ನೋಡಿದಳು. ಅಲ್ಲಿದ್ದದ್ದು ಬಣ್ಣ ಹೋದ ಗೇಟು, ಅದರ ಪಕ್ಕ ಒಂದು ಕಲ್ಲಿನ ಕಂಬ.

"ಆ ಗೇಟಲ್ಲಿ ಏನು ಕಾಣುತ್ತೆ ನಿನಗೆ?"

ಅವನು ಹೊದಿಕೆಯ ಅಂಚಿನ ದಾರ ಎಳೆಯತೊಡಗಿದ.

"ಹೇಳಿ ಅಂದ್ರೆ," ಎಂದಳು ಹೆಂಡತಿ. "ದಾರೀಲಿ ಹೋಗೋರೆಲ್ಲ ನಿಂತು ನಿಂತು ನೋಡೋದು ನಿಮಗೆ ಚೆನ್ನಾಗಿದೆಯಾ?"

"ನೋಡೋರು ನೋಡ್ಲಿ ಬಿಡು. ನೀನು ಆರೂಕಾಲಿಗೆ ಬರ್ತೀಯ."

"ಬಂದ ಮೇಲೆ ಮಲಗೋ ತನಕ ನಿಮ್ಮ ಕಣ್ಣ ಮುಂದೇನೇ ಇರ್ತೀನಲ್ಲ."

"ಒಳಗೆ ಬರೋಳು ಬೇರೆ," ಎಂದ. ದಾರ ಅವನ ಕೈಗೆ ಕಿತ್ತುಬಂತು. "ಗೇಟಿನ ಹತ್ರ ಚೀಲ ಕೆಳಗಿಡ್ತೀಯ. ಕಂಬ ಹಿಡ್ಕೊಂಡು ಸ್ವಲ್ಪ ಹೊತ್ತು ಸುಮ್ನೆ ನಿಲ್ತೀಯ. ಒಂದೊಂದು ದಿನ ಕಣ್ಣು ಒರೆಸ್ಕೋತೀಯ. ಆಮೇಲೆ ಮುಖಕ್ಕೆ ನಗು ಹಾಕ್ಕೊಂಡು, ಏನ್ರೀ ಸಮಾಚಾರ ಅಂತ ಒಳಗೆ ಬರ್ತೀಯ."

ಅವಳ ಕೈ ಮುಖದ ಕಡೆಗೆ ಹೋಗಿ ಅರ್ಧಕ್ಕೇ ನಿಂತಿತು.

"ಎಂಟು ತಿಂಗಳಿಂದಲೂ ನೋಡ್ತಿದ್ದೀರಾ?"

"ದಿನಾ. ಮೊನ್ನೆ ಮಳೇಲೂ ನೀನು ನಿಂತಿದ್ದೆ. ಅವತ್ತು ಮಾತ್ರ ಬೈದುಬಿಡೋಣ ಅನಿಸ್ತು." ಕಿತ್ತುಬಂದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದ, "ನನ್ನ ಕೈಲಿ ಎದ್ದು ಬಂದು ಚೀಲ ಇಸ್ಕೊಳೋಕೆ ಆಗಲ್ಲ. ನೋಡೋದೂ ಇಲ್ಲ ಅಂದ್ರೆ, ಅಲ್ಲಿ ನೀನು ಒಬ್ಬಳೇ ಆಗ್ಬಿಡ್ತೀಯ."

ಹೆಂಡತಿ ಮಂಚದ ಕಡೆಗೆ ಬೆನ್ನು ತಿರುಗಿಸಿ ನಿಂತಳು.

ನರ್ಸರಿಯಾಕೆ ಇವರಿಬ್ಬರನ್ನೂ ನೋಡದೆ ಎದ್ದು ಸೀರೆಯಂಚಿನ ಮಣ್ಣು ಕೊಡವಿಕೊಂಡಳು. "ದಾರಿಹೋಕರ ಕಣ್ಣು ಬೀಳಬಾರದು, ಗೇಟು ಮರೆಯಾಗಬಾರದು," ಎಂದು ತನಗೇ ಲೆಕ್ಕ ಹೇಳಿಕೊಂಡಳು. "ಗಿಡ ನಂದಿಬಟ್ಟಲೇ ಇರಲಿ. ನಾನು ನಿಂತಿದ್ದ ಜಾಗ ಸರಿ ಇಲ್ಲ ಅಷ್ಟೇ. ತಂಗೀ, ನೀನು ಗೇಟಿನ ಹತ್ರ ಹೋಗಿ ನಿಂತ್ಕೋ. ದಿನಾ ಹೇಗೆ ನಿಲ್ತೀಯೋ ಹಾಗೇ."

ಹೆಂಡತಿ ಅಂಗಳಕ್ಕಿಳಿದು ಹೋದಳು. ನೋಡುವವರಿದ್ದಾರೆ ಎಂದು ತಿಳಿದ ಮೇಲೆ ಹೇಗೆ ನಿಲ್ಲಬೇಕೆಂದೇ ತೋಚಲಿಲ್ಲ. ಒಂದು ಸಲ ನಕ್ಕಳು, ಆ ನಗುವನ್ನು ಅಲ್ಲೇ ಬಿಟ್ಟಳು. ಆಮೇಲೆ ಕಂಬ ಹಿಡಿದುಕೊಂಡು ಸುಮ್ಮನೆ ನಿಂತಳು.

ನರ್ಸರಿಯಾಕೆ ಮತ್ತೆ ಕೈ ಚಾಚಿದಳು.

"ನಿಮ್ಮ ಎಡಕ್ಕೆ ಬನ್ನಿ ಅಕ್ಕ," ಎಂದ ಗಂಡ ಒಳಗಿನಿಂದ. "ಇನ್ನೂ ಸ್ವಲ್ಪ. ಇನ್ನೊಂದು ಹೆಜ್ಜೆ. ಹಾಂ, ಸಾಕು."

ಮಂಚದಿಂದ ನೋಡಿದರೆ, ಚಾಚಿದ ಕೈಯ ತುದಿಗೂ ಕಿಟಕಿಯ ಚೌಕಟ್ಟಿಗೂ ನಡುವೆ, ಒಬ್ಬ ಹೆಂಗಸು ಕಂಬ ಹಿಡಿದು ನಿಲ್ಲುವಷ್ಟು ಜಾಗ ಉಳಿದಿತ್ತು. ನರ್ಸರಿಯಾಕೆ ಕೈ ಇಳಿಸದೆ, ಹಿಮ್ಮಡಿಯನ್ನು ಮಣ್ಣಿಗೆ ಬಲವಾಗಿ ಊರಿದಳು.